ತಂತಿ ಬಿಟ್ಟ ಮೇಲೆ ಬಾಳೆಮೀನು ದಡಕ್ಕೆ ಬಂತು

ದಡದಲ್ಲಿ ರಾಡ್ ಹಿಡಿದು ನಿಂತವನಿಗೆ ದೊಡ್ಡ ಬಾಳೆಮೀನು ಸಿಗೋದಿಲ್ಲ, ಅದಕ್ಕೆ ತೆಪ್ಪ ಬೇಕು, ಸಾಲುಗಾಳ ಬೇಕು, ಇಲ್ಲಾಂದ್ರೆ ಬಲೆ ಬೇಕು ಅನ್ನೋದು ತುಂಗಭದ್ರೆಯ ದಂಡೆಯಲ್ಲಿ ಖಾಯಂ ಮಾತು. ನನ್ನ ಲೆಕ್ಕ ಇದು: ಎರಡು ಬೇಸಿಗೆ, ಹೆಚ್ಚುಕಡಿಮೆ ನಲವತ್ತು ರಾತ್ರಿ, ಹನ್ನೊಂದು ಮೀನು. ದೊಡ್ಡದು ಹದಿನಾಲ್ಕು ಕೆಜಿ ಚಿಲ್ಲರೆ. ತೂಗಿದ್ದು ಈರುಳ್ಳಿ ಚೀಲ ತೂಗುವ ಕೊಕ್ಕೆ ತಕ್ಕಡಿಯಲ್ಲಿ, ಅರ್ಧ ಕೆಜಿ ಆಚೀಚೆ ಇರಬಹುದು. ಮೊದಲ ಹದಿನೈದು ರಾತ್ರಿಯಲ್ಲಿ ಬಂದಿದ್ದು ಸೊನ್ನೆ. ಆ ಸೊನ್ನೆ ಯಾಕೆ ಬಂತು ಅನ್ನೋದೇ ಇಲ್ಲಿ ಹೇಳಬೇಕಾದ ಮುಖ್ಯ ವಿಷಯ.

ಪದ್ಧತಿ ಎರವಲು ತಂದಿದ್ದು ಕಡಲದಂಡೆಯಲ್ಲಿ ಶಾರ್ಕ್ ಹಿಡಿಯೋರಿಂದ. ಮರಳಲ್ಲಿ ಗೂಟ, ಗೂಟದಲ್ಲಿ ಉದ್ದ ರಾಡ್, ದಪ್ಪ ಲೀಡರ್ (ಹುಕ್ಕಿಗೂ ಮುಖ್ಯ ಲೈನಿಗೂ ನಡುವಿನ ತುಂಡು), ತುದಿ ಒಳಕ್ಕೆ ಬಾಗಿದ ಸರ್ಕಲ್ ಹುಕ್, ನೆಲ ಕಚ್ಚುವ ಸೀಸ, ಮೀನು ತಾನಾಗಿ ಸಿಕ್ಕಿಕೊಳ್ಳೋ ತನಕ ರಾಡ್ ಮುಟ್ಟದ ತಾಳ್ಮೆ. ಬಾಳೆಮೀನಿಗೆ ‘ಸಿಹಿನೀರಿನ ಶಾರ್ಕ್’ ಅಂತ ಇನ್ನೊಂದು ಹೆಸರಿದೆ. ಆ ಹೆಸರು ನಂಬಿ ಶಾರ್ಕಿನ ರಿಗ್ಗನ್ನು ಇದ್ದ ಹಾಗೇ ಇಳಿಸಿದ್ದೇ ತಪ್ಪಾಯ್ತು. ಶಾರ್ಕಿನ ಹಲ್ಲು ಗರಗಸ, ಬಾಳೆಯ ಹಲ್ಲು ತುರಿಮಣೆ. ಶಾರ್ಕ್ ಒಂದೇ ಕಚ್ಚಿಗೆ ನೈಲಾನ್ ತುಂಡು ಮಾಡುತ್ತೆ, ಅದಕ್ಕೆ ಉಕ್ಕಿನ ತಂತಿ ಬೇಕೇಬೇಕು. ಅದರ ಚರ್ಮ ಮರಳುಕಾಗದದಂತೆ ಇರೋದರಿಂದ ಲೀಡರೂ ಮೀನಿಗಿಂತ ಉದ್ದ ಇರಬೇಕು. ಬಾಳೆಗೆ ಹುರುಪೆ ಇಲ್ಲ, ಮೈಯೆಲ್ಲಾ ಲೋಳೆ. ಹಲ್ಲು ಸಣ್ಣಸಣ್ಣದು, ಒತ್ತೊತ್ತಾಗಿ, ಒಳಮುಖ. ಅದು ಕತ್ತರಿಸೋದಿಲ್ಲ, ಸವೆಸುತ್ತೆ. ಸವೆಯೋದಕ್ಕೆ ಮದ್ದು ದಪ್ಪ ದಾರ. ತಂತಿ ಬೇಕಿಲ್ಲ.

ಇದು ಗೊತ್ತಾಗುವ ಮೊದಲು ತಂತಿಗೇ ಎರಡು ಸಾವಿರದ ಮೇಲೆ ಹೋಯ್ತು. ಮೊದಲು ಬೈಕಿನ ಕ್ಲಚ್ ಕೇಬಲ್ ಬಿಚ್ಚಿ ಎಳೆ ತೆಗೆದಿದ್ದು. ಬಿರುಸು, ನೀರಲ್ಲಿ ಎರಡು ರಾತ್ರಿಗೆ ತುಕ್ಕು, ಸುರುಳಿ ಬಿದ್ದರೆ ಅಲ್ಲೇ ಮುರಿಯುತ್ತೆ. ಆಮೇಲೆ ಪ್ಲಾಸ್ಟಿಕ್ ಹೊದಿಕೆಯ ಏಳೆಳೆ ತಂತಿ. ಅದರ ಕುಣಿಕೆ ಬಿಗಿಯೋ ಲೋಹದ ಸ್ಲೀವನ್ನು ಎಲೆಕ್ಟ್ರಿಷಿಯನ್ ಪ್ಲಯರ್‌ನಲ್ಲಿ ಅಮುಕಿದರೆ ಒಳಗಿನ ಎಳೆಯೇ ಕತ್ತರಿಸುತ್ತೆ, ಹೊರಗಿಂದ ಕಾಣೋದಿಲ್ಲ. ಸ್ಲೀವಿನ ಎರಡೂ ತುದಿ ಅಮುಕದೆ ನಡುವೆ ಮಾತ್ರ ಅಮುಕಬೇಕು, ಅದಕ್ಕೆ ಬೇರೆ ಕ್ರಿಂಪರ್, ಒಂಬೈನೂರು ಚಿಲ್ಲರೆ. ಕೊನೆಗೆ 49 ಎಳೆಯ ಮೆತ್ತನೆ ತಂತಿ ತರಿಸಿದೆ. ಗಟ್ಟಿ ಏನೋ ಹೌದು, ಆದರೂ ಮೀನು ಎರೆ ಕಚ್ಚಿ ನಾಲ್ಕು ಮಾರು ಹೋಗಿ ಉಗುಳೋದು ನಿಲ್ಲಲಿಲ್ಲ. ಮೀಸೆಗೆ ತಂತಿ ತಾಗಿದರೆ ಬಿಡುತ್ತೆ ಅನ್ನೋದು ನನ್ನ ಅಂದಾಜು.

ಈಗ ಹಾಕೋದು 100 ಪೌಂಡ್ ಎಳೆತ ತಡೆಯೋ ಮೊನೊ, ಅಂದರೆ ಒಂದೇ ಎಳೆಯ ನೈಲಾನ್, ಹತ್ತಿರ ಹತ್ತಿರ ಒಂದು ಮಿಲಿಮೀಟರ್ ದಪ್ಪ, ನಾಲ್ಕಡಿ. ಅದರ ಮೇಲೆ ಗಟ್ಟಿ ಸ್ವಿವೆಲ್ (ತಿರುಗೋ ಕೊಂಡಿ), ಆಮೇಲೆ ಎಸೆತದ ಜಗ್ಗು ತಡೆಯೋ 60 ಪೌಂಡಿನ ಶಾಕ್ ಲೀಡರ್ ರಾಡಿನ ಎರಡರಷ್ಟು ಉದ್ದ, ಆಮೇಲೆ 50 ಪೌಂಡಿನ ಬ್ರೇಡ್, ಅಂದರೆ ಹೆಣೆದ ದಾರ. ಶಾಕ್ ಲೀಡರಿಗೆ ಲೆಕ್ಕ ಸುಲಭ: ಸೀಸದ ಒಂದು ಔನ್ಸಿಗೆ, ಅಂದರೆ 28 ಗ್ರಾಮಿಗೆ, 10 ಪೌಂಡ್. 150 ಗ್ರಾಂ ಎಸೆಯೋರು 50ಕ್ಕಿಂತ ಕೆಳಗೆ ಇಳೀಬಾರದು. ಎಫ್‌ಜಿ ಗಂಟು (ಬ್ರೇಡಿಗೆ ಶಾಕ್ ಲೀಡರ್ ಸೇರಿಸೋದು) ಇಪ್ಪತ್ತು ಸುತ್ತಿಗೆ ಕಡಿಮೆ ಬೇಡ. ಪ್ರತಿ ಮೀನಿನ ನಂತರ ಮೊನೊ ಮೇಲೆ ಉಗುರು ಆಡಿಸಿ. ಜುಂಗು ಎದ್ದಿದ್ದರೆ ಅಲ್ಲಿಂದ ಕತ್ತರಿಸಿ ಹುಕ್ ಮತ್ತೆ ಕಟ್ಟಿ. ಒಂದು ಲೀಡರಿಗೆ ಎರಡು ಮೀನು, ಮೂರನೆಯದು ಜೂಜು. “ತಂತಿ ಇಲ್ಲದ ಗಾಳಕ್ಕ ಬಾಳಿಮೀನು ನಿಲ್ಲಂಗಿಲ್ಲೋ ತಮ್ಮಾ” ಅಂದವರೇ ಈಗ ಮೊನೊ ಎಲ್ಲಿ ತಂದಿ ಅಂತ ಕೇಳ್ತಾರೆ.

ಹುಕ್ಕಿನ ವಿಷಯ. ಜೆ ಹುಕ್, ಅಂದರೆ ಮಾಮೂಲಿ ಗಾಳ, ಹಾಕಿದರೆ ಎಷ್ಟೋ ಸಲ ಕರುಳಿಗೆ ಇಳಿಯುತ್ತೆ, ಬಿಟ್ಟರೂ ಮೀನು ಬದುಕೋದು ಕಷ್ಟ. ನಾನು ಹಾಕೋದು ತುದಿ ಪಕ್ಕಕ್ಕೆ ಓರೆ ಇಲ್ಲದ 8/0 ಸೈಜಿನ ಸರ್ಕಲ್ ಹುಕ್, ಮುಳ್ಳು ಪ್ಲಯರ್‌ನಲ್ಲಿ ಒತ್ತಿ ಮಲಗಿಸಿದ್ದು. ಸರ್ಕಲ್ ಹುಕ್ ಕೆಲಸ ಮಾಡಲ್ಲ ಅನ್ನೋರು ಎರಡು ತಪ್ಪು ಮಾಡ್ತಾರೆ. ಒಂದು, ಎರೆಯನ್ನು ದಪ್ಪಗೆ ಪೋಣಿಸಿ ಹುಕ್ಕಿನ ಬಾಯಿ ಮುಚ್ಚಿಬಿಡೋದು. ತುದಿ, ಒಳಗಿನ ಖಾಲಿ ಜಾಗ ಎರಡೂ ಬರಿದಾಗಿ ಕಾಣಬೇಕು. ಅಲ್ಲಿ ಒಂದು ಬೆರಳು ತೂರದಿದ್ದರೆ ಆ ಎರೆ ದಂಡ. ಎರಡು, ರಾಡಿನ ತುದಿಯ ಗಂಟೆ ಬಾರಿಸಿದ ಕೂಡಲೇ ರಾಡ್ ಜಗ್ಗೋದು. ಬಾಳೆ ಅಡ್ಡಡ್ಡ ಕಚ್ಚಿ ಐದಾರು ಮಾರು ಓಡುತ್ತೆ, ನಿಲ್ಲುತ್ತೆ, ಎರೆ ತಿರುಗಿಸಿ ನುಂಗುತ್ತೆ, ಮತ್ತೆ ಹೊರಡುತ್ತೆ. ಈ ಎರಡನೇ ಓಟಕ್ಕೆ ರೀಲಿನ ಡ್ರ್ಯಾಗ್ (ಲೈನ್ ಹೊರಡೋದನ್ನು ತಡೆಯೋ ಬಿಗಿ) ಮೆಲ್ಲಗೆ ಬಿಗಿ ಮಾಡಿದರೆ ಹುಕ್ ದವಡೆಯ ಮೂಲೆಗೆ ತಾನೇ ಜಾರಿ ಕೂರುತ್ತೆ. ಜಗ್ಗಿದಿರೋ, ಬಾಯೊಳಗಿಂದ ಹಾಗೇ ಹೊರಗೆ. ಹದಿನೈದು ಖಾಲಿ ರಾತ್ರಿಗಳಲ್ಲಿ ಅರ್ಧ ಈ ಚಪಲದ ಲೆಕ್ಕಕ್ಕೇ ಬರೀಬೇಕು.

ಡ್ರ್ಯಾಗನ್ನು ಕೈ ಅಂದಾಜಿನಲ್ಲಿ ಬಿಡಬೇಡಿ. ರಾಡ್ ಗೂಟದಲ್ಲಿಟ್ಟು ಅದೇ ಕೊಕ್ಕೆ ತಕ್ಕಡಿಯಿಂದ ಲೈನ್ ಎಳೀರಿ. ಕಾಯುವಾಗ ಮುನ್ನೂರು, ನಾನೂರು ಗ್ರಾಮಿಗೆ ಲೈನ್ ಹೊರಡಬೇಕು. ಸಿಕ್ಕ ಮೇಲೆ ಐದು ಕೆಜಿ, ಅದಕ್ಕಿಂತ ಜಾಸ್ತಿ ಬೇಡ. ಬೈಟ್‌ರನ್ನರ್, ಅಂದರೆ ಸಡಿಲದಿಂದ ಬಿಗಿಗೆ ಒಮ್ಮೆಲೇ ಬದಲಿಸೋ ವ್ಯವಸ್ಥೆ, ಇಲ್ಲದ ರೀಲಾದರೆ ಬಿಗಿ ಮಾಡೋಕೆ ಎಷ್ಟು ಸುತ್ತು ಅಂತ ಹಗಲಲ್ಲೇ ಎಣಿಸಿಕೊಂಡಿರಿ.

ನಮ್ಮ ಹೊಳೆಯ ದೊಡ್ಡ ಖರ್ಚು ಬಂಡೆ. ಶಾರ್ಕಿನವರಿಗೆ ಮರಳು, ನಮಗೆ ಬಂಡೆಯ ಸಂದು. ಒಂದು ರಾತ್ರಿಗೆ ಐದು ಸೀಸ ಅಂದರೆ ಇನ್ನೂರು ರೂಪಾಯಿ ಹೊಳೆಗೆ ಕಾಣಿಕೆ. ಗ್ಯಾರೇಜಿನ ಹಳೇ ಸ್ಪಾರ್ಕ್ ಪ್ಲಗ್ ಹಾಕಿ, ಒಂದು ಸುಮಾರು ಐವತ್ತು ಗ್ರಾಂ, ಕೇಳಿದರೆ ಪುಗಸಟ್ಟೆ ಕೊಡ್ತಾರೆ. ಹಿನ್ನೀರಿಗೆ ಎರಡು, ಹರಿಯೋ ನೀರಿಗೆ ಮೂರು, ಹಳೇ ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಸುತ್ತಿ. ಪ್ಲಗ್ಗನ್ನು ಮುಖ್ಯ ಲೈನಿಗೆ ನೇರ ಕಟ್ಟಬೇಡಿ. 10 ಪೌಂಡಿನ ಸಣ್ಣ ನೈಲಾನ್ ಒಂದು ಗೇಣು ನಡುವೆ ಇರಲಿ. ಸಿಕ್ಕಿಕೊಂಡರೆ ಅದು ಹರಿದು ಪ್ಲಗ್ ಮಾತ್ರ ಹೋಗುತ್ತೆ, ಮೀನು, ಹುಕ್ ಎರಡೂ ಉಳೀತವೆ. ಆದರೆ ಆ ಸಣ್ಣ ನೈಲಾನ್ ಎಸೆಯುವಾಗಲೇ ಹರಿದು ಪ್ಲಗ್ ಗುಂಡಿನ ಹಾಗೆ ಹಾರುತ್ತೆ, ಎದುರು ಯಾರಾದರೂ ಇದ್ದರೆ ದೇವರೇ ಗತಿ. ಅದಕ್ಕೆ ಸೈಕಲ್ ಸ್ಪೋಕಿನ ಒಂದು ಕೊಕ್ಕೆ: ಎಸೆಯುವಾಗ ಪ್ಲಗ್ಗಿನ ಭಾರ ಕೊಕ್ಕೆಯ ಮೇಲೆ, ನೀರಿಗೆ ಬಡಿದ ಕೂಡಲೇ ಅದು ಕಳಚಿ ಭಾರ ಸಣ್ಣ ನೈಲಾನಿಗೆ. ಕೊಕ್ಕೆ ಎಷ್ಟು ಬಾಗಿಸಬೇಕು ಅಂತ ಹೇಳೋದಿಲ್ಲ, ನನಗೆ ಇಪ್ಪತ್ತು ಸ್ಪೋಕ್ ಹೋಗಿವೆ, ನಿಮಗೂ ಹೋಗಲಿ.

ಗೂಟಕ್ಕೆ ಬರೀ ಪಿವಿಸಿ ಪೈಪ್ ಸಾಲದು. ಹಿನ್ನೀರು ಇಳಿದ ಮೇಲೆ ದಂಡೆ ಪೂರ್ತಿ ಎರೆಮಣ್ಣಿನ ಕೆಸರು; ಮೇಲೆ ಒಣಗಿ ಬಿರುಕು ಬಿಟ್ಟಿರುತ್ತೆ, ಒಳಗೆ ಬೆಣ್ಣೆ. ಪೈಪ್ ಸಮೇತ ರಾಡ್ ನೀರಿಗೆ ಹೋಗುತ್ತೆ, ನನ್ನದೊಂದು ಹೋಗಿದೆ, ನಾಲ್ಕೂವರೆ ಸಾವಿರ. ಒಂದೂವರೆ ಇಂಚಿನ ಎಲ್ ಆ್ಯಂಗಲ್ ಐದಡಿ, ತುದಿ ಓರೆಯಾಗಿ ಕತ್ತರಿಸಿದ್ದು, ಮೇಲೆ ಎರಡಿಂಚಿನ ಪೈಪನ್ನು ಎರಡು ಹೋಸ್ ಕ್ಲಾಂಪಿನಲ್ಲಿ ಬಿಗಿದಿದ್ದು. ವೆಲ್ಡಿಂಗ್ ಅಂಗಡಿಯಲ್ಲಿ ಎಲ್ಲಾ ಸೇರಿ ಮುನ್ನೂರೈವತ್ತು ಆಗಿತ್ತು. ಕೆಸರಲ್ಲಿ ಮೂರಡಿ ಒಳಗೆ ಹೋಗಲೇಬೇಕು, ನೀರಿನ ಕಡೆಗಲ್ಲ, ಹಿಂದಕ್ಕೆ ವಾಲಿಸಿ. ಬಂಡೆ ಮೇಲಾದರೆ ಮೂರು ಕಲ್ಲು, ಒಂದು ಮರಳಿನ ಚೀಲ, ರಾಡಿನ ಬುಡಕ್ಕೆ ಹಗ್ಗ.

ಎರೆ ಗೇಣುದ್ದದ ತೆಳ್ಳನೆ ಮೀನು. ಜಿಲೇಬಿ ಮೀನು (ತಿಲಾಪಿಯಾ) ಸುಲಭವಾಗಿ ಸಿಗುತ್ತೆ, ಆದರೆ ಬೆನ್ನಿನ ಮುಳ್ಳನ್ನು ಕತ್ತರಿಯಲ್ಲಿ ಕತ್ತರಿಸದೆ ಹಾಕಬೇಡಿ. ಸತ್ತ ಮೀನಾದರೆ ಹುಕ್ ಬಾಲದ ಬುಡಕ್ಕೆ, ಎಲಾಸ್ಟಿಕ್ ದಾರ ಎಂಟು ಸುತ್ತು. ಹಾಗೆ ಕಟ್ಟಿದರೆ ಗಾಳಿ ಸೀಳಿಕೊಂಡು ಹತ್ತು ಹದಿನೈದು ಮೀಟರ್ ಹೆಚ್ಚೇ ಹೋಗುತ್ತೆ. ಆದರೆ ತಳದಲ್ಲಿ ಬಿದ್ದ ಎರೆಯನ್ನು ಏಡಿಗಳು ಅರ್ಧ ಗಂಟೆಯಲ್ಲಿ ಮುಳ್ಳು ಮಾಡಿಡ್ತವೆ. ಇದಕ್ಕೆ ಹವಾಯಿ ಚಪ್ಪಲಿ. ಹಳೇ ಚಪ್ಪಲಿಯ ಅಟ್ಟೆಯಿಂದ ಹೆಬ್ಬೆರಳಿನಷ್ಟು ತುಂಡು ಕತ್ತರಿಸಿ, ಕಾಯಿಸಿದ ಮೊಳೆಯಿಂದ ತೂತು ಮಾಡಿ, ಹುಕ್ಕಿನ ಮೇಲೆ ನಾಲ್ಕು ಬೆರಳು ಬಿಟ್ಟು ಲೀಡರಿಗೆ ಪೋಣಿಸಿ. ಎರೆ ತಳದಿಂದ ಒಂದಡಿ ಎದ್ದು ಆಡುತ್ತೆ. ಬಕೆಟ್ ನೀರಲ್ಲಿ ಮೊದಲು ನೋಡಿ: ಎರೆ ಮುಳುಗಿದರೆ ತುಂಡು ದೊಡ್ಡದು ಮಾಡಿ, ಸೀಸವೂ ಎದ್ದರೆ ಸಣ್ಣದು ಮಾಡಿ. ಹನ್ನೊಂದರಲ್ಲಿ ಎಂಟು ಮೀನು ಚಪ್ಪಲಿಗೇ ಬಂದಿದ್ದು.

ಬೇರೆ ಹುಚ್ಚಾಟಗಳೂ ಆದವು. ಶಾರ್ಕಿನವರು ದೋಣಿಯಲ್ಲಿ ಎರೆ ಒಯ್ದು ಬಿಟ್ಟು ಬರ್ತಾರಂತ ನಾನು ಬಲೂನು ಕಟ್ಟಿದೆ. ಗಾಳಿ ಬೆನ್ನಿಗಿದ್ದರೆ ಇನ್ನೂರು ಮೀಟರ್ ಆರಾಮಾಗಿ ಹೋಗುತ್ತೆ. ಬಲೂನು ಕಳಚೋಕೆ ನಡುವೆ ತೂತಿರುವ ಪೆಪ್ಪರ್‌ಮಿಂಟ್ ಕಟ್ಟಿದ್ದೆ. ಕರಗಿದ ಕೂಡಲೇ ಎರೆ ಬೀಳಬೇಕು. ಬೇಸಿಗೆಯ ನೀರಲ್ಲಿ ಅದು ಅರ್ಧ ದಾರಿಗೇ ಕರಗುತ್ತೆ. ಎರಡು ಸೇರಿಸಿ ಕಟ್ಟಿದರೆ ಎಲ್ಲಿಗೋ ಹೋಗಿ ಬೀಳುತ್ತೆ. ಮೇಲೆ ಹೊಳೆ ತುಂಬ ಬಲೂನಿನ ಕಸ. ಬಿಟ್ಟೆ. ಬಾಳೆಗೆ ಅಷ್ಟು ದೂರ ಬೇಕೂ ಇಲ್ಲ, ರಾತ್ರಿ ಸಣ್ಣ ಮೀನಿನ ಹಿಂದೆ ಅದೇ ದಂಡೆಗೆ ಬರುತ್ತೆ. ಹೆಚ್ಚಿನವು ಸಿಕ್ಕಿದ್ದು ನಲವತ್ತು ಮೀಟರಿನ ಒಳಗೆ.

ಈರುಳ್ಳಿ ಚೀಲದಲ್ಲಿ ಕೋಳಿ ಕರುಳು ತುಂಬಿ ಇಳಿಬಿಟ್ಟಿದ್ದು ಇನ್ನೊಂದು. ಬಂದಿದ್ದು ಆಮೆ ಮತ್ತು ಊರ ನಾಯಿ. ಮೆದುಚಿಪ್ಪಿನ ಆಮೆಗೆ ಕಾನೂನಿನ ರಕ್ಷಣೆ ಇದೆ, ಸಿಕ್ಕರೆ ಲೈನ್ ಕತ್ತರಿಸಿ ನೂಕೋದಲ್ಲ, ಹುಕ್ ತೆಗೆದೇ ಬಿಡಬೇಕು. ಮುಳ್ಳು ಮಲಗಿಸಿದ ಹುಕ್ ಅಲ್ಲಿ ಉಪಯೋಗಕ್ಕೆ ಬರುತ್ತೆ. ಕೃಷ್ಣೆಯಲ್ಲೂ ತುಂಗಭದ್ರೆಯಲ್ಲೂ ಮೊಸಳೆ ಇವೆ. ರಾಯಚೂರು ಕಡೆಯ ಮಡುಗಳಲ್ಲಿ ಕರುಳು ಇಳಿಬಿಟ್ಟು ರಾತ್ರಿ ಕೂರೋದು ಮೊಸಳೆಗೆ ಕರೆಯೋಲೆ ಬರೆದ ಹಾಗೆ. ಗೂಟ ನೀರಿನಿಂದ ಐದಾರು ಮೀಟರ್ ಹಿಂದೆ, ನೀರಿಗೆ ಕಾಲಿಡೋದು ಬೇಡವೇ ಬೇಡ.

ರಾಡಿನ ತುದಿಗೆ ಆಡಿನ ಗೆಜ್ಜೆ ಕಟ್ಟಿದರೆ ಏಪ್ರಿಲಲ್ಲಿ ಚೆನ್ನ, ಜೂನಿನ ಗಾಳಿಗೆ ರಾತ್ರಿಯಿಡೀ ಜಾತ್ರೆ. ಆರುನೂರು ಕೊಟ್ಟು ತಂದ ಬ್ಯಾಟರಿ ಅಲಾರಂ ಮೊದಲ ಇಬ್ಬನಿಗೇ ಸತ್ತಿತು. ರೀಲಿನ ಕಿರ್‌ಕಿರ್ ಸದ್ದೇ ಸಾಕು.

ಮೀನು ದಡಕ್ಕೆ ಬಂದಾಗ ಕೊಕ್ಕೆಯಲ್ಲಿ ಚುಚ್ಚಬೇಡಿ. ಒದ್ದೆ ಗೋಣಿಚೀಲ ಹಾಸಿ, ದಪ್ಪ ಗ್ಲೌಸ್ ಹಾಕಿ ಕೆಳದವಡೆ ಹಿಡಿದು ಎಳೀರಿ. ಬರಿಗೈ ಹಾಕಿದರೆ ಹೆಬ್ಬೆರಳಿನ ತೊಗಲು ತುರಿದು ಬರುತ್ತೆ. ಹುಕ್ ತಿರುಗಿಸಿ ಬರದಿದ್ದರೆ ಬೋಲ್ಟ್ ಕಟರ್‌ನಲ್ಲಿ ಹುಕ್ಕನ್ನೇ ಕತ್ತರಿಸಿ, ನಲವತ್ತು ರೂಪಾಯಿ ಹೋಗಲಿ. ಮೇ ತಿಂಗಳ ಬಿಸಿನೀರಲ್ಲಿ ಹದಿನೈದು ನಿಮಿಷ ಆಡಿಸಿದರೆ ಬಿಟ್ಟ ಮೇಲೂ ಮೀನು ಮಗುಚಿಕೊಳ್ಳುತ್ತೆ. ಅದಕ್ಕೇ ಐದು ಕೆಜಿ ಡ್ರ್ಯಾಗ್, ಏಳೆಂಟು ನಿಮಿಷಕ್ಕೆ ಮುಗಿಸಬೇಕು. ಬಾಳೆ ಮೊದಲಿನಷ್ಟು ಇಲ್ಲ. ಮುಂಗಾರಿನ ಹೊಸ ನೀರಿಗೆ ಮೊಟ್ಟೆ ಇಡೋಕೆ ಮೇಲೆ ಏರೋ ಹೊತ್ತಲ್ಲಿ ನಾನು ರಾಡ್ ಎತ್ತಿಡ್ತೇನೆ. ಹನ್ನೊಂದರಲ್ಲಿ ಮನೆಗೆ ಬಂದಿದ್ದು ಎರಡು.

ಜಾಗ ಕೇಳಬೇಡಿ. ಫೆಬ್ರವರಿಯಿಂದ ಮೇವರೆಗೆ ಹಿನ್ನೀರು ದಿನಾ ಹಿಂದೆ ಸರಿಯುತ್ತೆ, ನಿನ್ನೆಯ ಜಾಗ ಇವತ್ತು ಕೆಸರು. ಸಣ್ಣ ಮೀನು ಸಂಜೆ ಎಲ್ಲಿ ಚಿಮ್ಮುತ್ತೋ ಅಲ್ಲಿ ಕೂತುಕೊಳ್ಳಿ. ಪರವಾನಗಿ ವಿಚಾರಿಸಿಯೇ ಹೋಗಿ. ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ, ಆ ಕಡೆ ರಾಡ್ ಒಯ್ಯಲೇಬೇಡಿ.

ದುಡ್ಡು: ನೆನಪಿದ್ದಷ್ಟು ಮೊದಲ ವರ್ಷ ಇಪ್ಪತ್ತನಾಲ್ಕು ಸಾವಿರ. 12 ಅಡಿಯ ರಾಡ್ ಎರಡು ಬಾರಿ, 10000 ಸೈಜಿನ ರೀಲ್ ಐದೂವರೆ ಸಾವಿರ, ಬ್ರೇಡ್ ಹದಿನೆಂಟು ನೂರು, ಉಳಿದದ್ದು ತಂತಿ, ಸೀಸ, ಅಲಾರಂ, ಪೆಟ್ರೋಲ್. ಅದರಲ್ಲಿ ಎಂಟು ಸಾವಿರ ಶುದ್ಧ ದಂಡ. ಈಗ ಒಂದು ರಾತ್ರಿಗೆ ಪೆಟ್ರೋಲ್ ಬಿಟ್ಟು ನೂರೈವತ್ತು. ಎರೆಮೀನನ್ನು ಹಿಂದಿನ ರಾತ್ರಿ ಉಪ್ಪಿನ ಜೊತೆ ಒಂದು ಅಡುಗೆಮನೆ ಸಾಮಾನಿನಲ್ಲಿ ನೆನೆಹಾಕ್ತೇನೆ. ಅದರ ಹೆಸರು ಮಾತ್ರ ಮುಂದಿನ ಬೇಸಿಗೆ ಮುಗಿಯೋ ತನಕ ನನ್ನ ಹತ್ತಿರವೇ ಇರಲಿ.