ಹೆದೆ ಕೆನ್ನೆಗೆ ಬಂತು, ಬಾಣ ಯಾವಾಗ ಬಿಡಬೇಕು?

ಲಾಂಗ್‌ಬೋ (ಉದ್ದನೆಯ ಸಾದಾ ಬಿಲ್ಲು) ಅಥವಾ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಹಿಡಿದ ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿ. ಒಬ್ಬರ ಬೆರಳು ತುಟಿಯಂಚಿಗೆ ತಾಗಿದ್ದೇ ತಡ, ಬಾಣ ಹೋಗಿಯೇ ಬಿಟ್ಟಿರುತ್ತದೆ. ಇನ್ನೊಬ್ಬರು ಹೆದೆಯನ್ನು ಅಲ್ಲೇ ಎರಡು ಮೂರು ಸೆಕೆಂಡು ತಡೆದು, ಗುರಿ ಕೂಡಿಸಿಕೊಂಡು ಬಿಡುತ್ತಾರೆ. ಎರಡೂ ಹಳೆಯ ಪದ್ಧತಿಗಳೇ. ಈಜಿಪ್ಟ್, ಸಿರಿಯಾ ಆಳಿದ ಮಮ್ಲೂಕರ 14ನೇ ಶತಮಾನದ ಬಿಲ್ಲುಗಾರರು ಇವಕ್ಕೆ ಬೇರೆ ಬೇರೆ ಹೆಸರನ್ನೇ ಇಟ್ಟಿದ್ದರು: ಕಸಿದಂತೆ ಬಿಡುವುದು ಮುಖ್ತಲಸ್, ನಿಂತು ಬಿಡುವುದು ಸಾಕಿನ್. ನಿಧಾನವಾಗಿ ಎಳೆದು, ಕ್ಷಣ ತಡೆದು, ಕೊನೆಯ ತುಂಡನ್ನು ಮಾತ್ರ ಜೋರಾಗಿ ಎಳೆದು ಬಿಡುವ ಮಫ್ರೂಕ್ ಎಂಬ ಮೂರನೆಯದೂ ಇತ್ತು.

ರಾಟೆಯಿರುವ ಕಾಂಪೌಂಡ್ ಬಿಲ್ಲಿನವರಿಗೆ ಈ ತಲೆನೋವು ಅಷ್ಟಿಲ್ಲ. 70 ಪೌಂಡಿನ (ಇದು ಬಿಲ್ಲಿನ ಸ್ವಂತ ತೂಕವಲ್ಲ, ಎಳೆಯಲು ಬೇಕಾದ ಬಲ) ಬಿಲ್ಲಿನಲ್ಲಿ ಶೇ 80ರಷ್ಟು ಭಾರ ಇಳಿಯುವ ವ್ಯವಸ್ಥೆ ಇದ್ದರೆ, ಪೂರ್ತಿ ಎಳೆದ ಮೇಲೆ ಕೈಗೆ ಉಳಿಯುವುದು 14 ಪೌಂಡ್. ಸಾಂಪ್ರದಾಯಿಕ ಬಿಲ್ಲು ಹಾಗಲ್ಲ. ಎಳೆದಷ್ಟೂ ಭಾರ ಏರುತ್ತದೆ, ಎಲ್ಲಕ್ಕಿಂತ ಹೆಚ್ಚು ಭಾರ ಇರುವ ಜಾಗದಲ್ಲೇ ನಿಲ್ಲಬೇಕು. ಬೇಗ ಬಿಟ್ಟುಬಿಡುವ ಆಸೆ ಹುಟ್ಟುವುದೇ ಅಲ್ಲಿ.

ಮೊದಲು ಎಳೆತದ ಅಳತೆ

ಬಿಲ್ಲಿನ ಮೇಲೆ ಬರೆದಿರುವ ತೂಕ ಸಾಮಾನ್ಯವಾಗಿ 28 ಇಂಚು ಎಳೆದಾಗಿನದು. ನಿಮ್ಮ ಎಳೆತ ಎಷ್ಟೆಂದು ತಿಳಿಯಲು ಎರಡೂ ತೋಳು ಚಾಚಿ, ಬೆರಳ ತುದಿಯಿಂದ ತುದಿಗೆ ಅಳೆದು 2.5ರಿಂದ ಭಾಗಿಸಿ. 70 ಇಂಚು ಬಂದರೆ ಎಳೆತ ಸುಮಾರು 28 ಇಂಚು. ಇದು ಅಂದಾಜು ಮಾತ್ರ. ನಿಜವಾದ ಅಳತೆಗೆ, ಹಗುರ ಬಿಲ್ಲಿನಲ್ಲಿ ಉದ್ದನೆಯ ಬಾಣ ಹೂಡಿ ಪೂರ್ತಿ ಎಳೆದು ನಿಲ್ಲಿ. ಪಕ್ಕದಲ್ಲಿ ನಿಂತವರು ಬಿಲ್ಲಿನ ಮುಂದಿನ ಅಂಚು ಬರುವ ಕಡೆ ಬಾಣದ ಮೇಲೆ ಗುರುತು ಹಾಕಲಿ. ಆ ಗುರುತಿಗೆ ಬಣ್ಣದ ಟೇಪು ಸುತ್ತಿಡಿ, ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಒಂದು ಇಂಚು ಕಡಿಮೆ ಎಳೆದರೆ ಸುಮಾರು ಎರಡರಿಂದ ಮೂರು ಪೌಂಡ್ ಹೋಯಿತೆಂದೇ ಲೆಕ್ಕ. 45 ಪೌಂಡಿನ ಬಿಲ್ಲನ್ನು 26 ಇಂಚಿಗೇ ಬಿಟ್ಟರೆ ನಿಮ್ಮ ಕೈಯಲ್ಲಿರುವುದು 40 ಪೌಂಡಿನ ಬಿಲ್ಲು. ಬಾಣ ಕೆಳಗೆ ಬೀಳುತ್ತದೆ. ಅಷ್ಟೇ ಅಲ್ಲ, ಪೂರ್ತಿ ಬಲಕ್ಕೆ ಹೊಂದಿಸಿಕೊಂಡಿದ್ದ ಬಾಣ ಈ ಕಡಿಮೆ ಬಲಕ್ಕೆ ಸಾಕಷ್ಟು ಬಾಗದೆ, ಬಲಗೈಯಲ್ಲಿ ಹೆದೆ ಎಳೆಯುವವರಿಗೆ ಎಡಕ್ಕೆ ಹೋಗುತ್ತದೆ. (ಎಡಗೈಯಲ್ಲಿ ಎಳೆಯುವವರು ಇಲ್ಲಿಂದ ಮುಂದೆ ಎಡಬಲಗಳನ್ನು ತಿರುಗಿಸಿ ಓದಿಕೊಳ್ಳಬೇಕು.)

ಬಿಲ್ಲಿನ ತೂಕದ ಪರೀಕ್ಷೆ ಸುಲಭ. ಬಾಣ ಹೂಡಿ, ಗುರಿಯ ದಿಂಡಿನ (ಬಾಣ ನಾಟುವ ದಪ್ಪ ಹಲಗೆ ಅಥವಾ ಹುಲ್ಲಿನ ಕಟ್ಟು) ಕಡೆಗೇ ಮುಖ ಮಾಡಿ, ಪೂರ್ತಿ ಎಳೆದು ಹತ್ತು ಎಣಿಸಿ, ಬಾಣ ಬಿಡದೆ ಹೆದೆಯನ್ನು ನಿಧಾನವಾಗಿ ಮುಂದಕ್ಕೆ ಇಳಿಸಿ. ಐದು ಎಣಿಸುವಷ್ಟರಲ್ಲಿ ಬಿಲ್ಲು ಹಿಡಿದ ಕೈ ನಡುಗಿದರೆ ಆ ಬಿಲ್ಲು ನಿಮಗೆ ಭಾರ. ಯಾವ ಶೈಲಿ ಎಂಬ ಚರ್ಚೆ ಆಮೇಲೆ, ಮೊದಲು ಹಗುರ ಬಿಲ್ಲು ಹಿಡಿಯಿರಿ. ಬಾಣವಿಲ್ಲದ ಬರಿ ಹೆದೆಯನ್ನು ಎಳೆದು ಬಿಡುವ ಚಪಲ ಮಾತ್ರ ಬೇಡ. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ತಿರುಗಿ, ಅದು ಸೀಳಬಹುದು.

ಆ್ಯಂಕರ್ ಗಟ್ಟಿಯಾಗಲಿ

ಎಳೆದ ಕೈ ಪ್ರತಿಸಲವೂ ಬಂದು ಕೂರುವ ಒಂದೇ ಜಾಗಕ್ಕೆ ಆ್ಯಂಕರ್ ಎನ್ನುತ್ತಾರೆ. ಬಾಣದ ಮೇಲೊಂದು, ಕೆಳಗೆರಡು ಬೆರಳಿಟ್ಟು ಎಳೆಯುವವರಿಗೆ ಸಾಮಾನ್ಯವಾಗಿ ನಡುಬೆರಳ ತುದಿ ಬಾಯಿಯ ಮೂಲೆಗೆ. ಮೂರೂ ಬೆರಳನ್ನು ಬಾಣದ ಕೆಳಗಿಟ್ಟರೆ ತೋರುಬೆರಳು ಬಾಯಿಯ ಮೂಲೆಗೆ, ಆಗ ಬಾಣ ಕಣ್ಣಿಗೆ ಹತ್ತಿರವಾಗುತ್ತದೆ.

ಒಂದೇ ಗುರುತು ಸಾಲದು. ಬೆರಳು ಬಾಯಿಯ ಮೂಲೆಯಲ್ಲಿದ್ದರೂ ತಲೆ ಅರ್ಧ ಇಂಚು ಓಲಿದರೆ ಎಳೆತ ಬದಲಾಯಿತು. ಹಾಗಾಗಿ ಎರಡನೆಯ ಗುರುತು ಬೇಕು: ಹೆಬ್ಬೆರಳ ಬುಡ ದವಡೆಯ ಮೂಳೆಯ ಹಿಂದೆ ಸಿಕ್ಕಿಕೊಳ್ಳುವುದು, ಅಥವಾ ಬಾಣದ ಗರಿ ಮೂಗಿನ ತುದಿಗೆ ಸವರುವುದು. ಗರಿಯ ಈ ಸ್ಪರ್ಶವೇ ಹೆಚ್ಚು ನಂಬಿಕೆಗೆ ಯೋಗ್ಯ. ದವಡೆಯಲ್ಲಿ ಕೈ ಒತ್ತಿ ಹಿಡಿದರೂ ಜಾರಬಹುದು, ಗರಿ ಮಾತ್ರ ತಾಗಿತೋ ಇಲ್ಲವೋ ಎಂಬುದು ಚರ್ಮಕ್ಕೆ ತಕ್ಷಣ ಗೊತ್ತಾಗುತ್ತದೆ. ಮುಖವನ್ನು ಹೆದೆಯ ಬಳಿಗೆ ಚಾಚುವುದು ಹೊಸಬರ ಅಭ್ಯಾಸ. ಕೈಯೇ ಮುಖಕ್ಕೆ ಬರಬೇಕು.

ತಡೆದು ಬಿಡುವುದು

ತಡೆಯುವುದೆಂದರೆ ಕಲ್ಲಾಗಿ ನಿಲ್ಲುವುದೆಂದು ತಿಳಿದವರು ಬಹಳ. ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ, ಒಳಗೆ ಎಳೆತ ನಡೆದೇ ಇರುತ್ತದೆ.

ಆ್ಯಂಕರಿಗೆ ಬಂದ ಕೂಡಲೇ ಭಾರವನ್ನು ತೋಳಿನಿಂದ ಬೆನ್ನಿಗೆ ದಾಟಿಸಿ. ಎಳೆಯುವ ಕಡೆಯ ಹೆಗಲೆಲುಬು ಬೆನ್ನುಹುರಿಯತ್ತ ಸರಿದಂತೆ ಅನ್ನಿಸಬೇಕು, ಮೊಣಕೈ ಬಾಣದ ನೇರಕ್ಕೆ ಹಿಂದೆ ಬರಬೇಕು. ಮುಂಗೈ, ಮಣಿಕಟ್ಟು ಸಡಿಲವಾಗಿರಲಿ, ಬೆರಳುಗಳು ಬರಿ ಕೊಕ್ಕೆ. ಗುರಿ ಕೂಡಿಸಿಕೊಳ್ಳುತ್ತ ಬೆನ್ನಿನ ಆ ಬಿಗಿಯನ್ನು ಕೂದಲೆಳೆಯಷ್ಟು ಹೆಚ್ಚಿಸುತ್ತ ಹೋಗಿ. ಎರಡರಿಂದ ನಾಲ್ಕು ಸೆಕೆಂಡು ಸಾಕು. ಬಿಡುವಾಗ ಬೆರಳನ್ನು ಬಿಡಿಸಬೇಡಿ, ಸಡಿಲಿಸಿ. ಕೈ ದವಡೆಯನ್ನು ಸವರಿಕೊಂಡು ತಾನಾಗಿ ಕಿವಿಯ ಕಡೆ ಹೋಗುತ್ತದೆ. ಅದು ಕೆನ್ನೆಯಿಂದ ಪಕ್ಕಕ್ಕೆ ಹಾರಿದರೆ ಹೆದೆಯನ್ನು ಮೀಟಿದ್ದೀರಿ ಎಂದರ್ಥ, ಬಾಣ ಎಡಕ್ಕೆ ಬಿದ್ದಿರುತ್ತದೆ.

ಇಲ್ಲಿ ಕೆಡುವುದು ಅತಿಯಾಗಿ ತಡೆದಾಗ. ಬೆನ್ನು ಸೋತು ಭಾರ ತೋಳಿಗೆ ಮರಳುತ್ತದೆ, ಬಾಣ ಅರಿವಿಲ್ಲದೆ ಮುಂದಕ್ಕೆ ತೆವಳುತ್ತದೆ. ಅರ್ಧ ಇಂಚು ತೆವಳಿದರೂ ಒಂದು ಪೌಂಡಿಗಿಂತ ಹೆಚ್ಚು ಹೋಯಿತು. ಪಕ್ಕದಲ್ಲಿದ್ದವರು ಆ ಟೇಪಿನ ಗುರುತು ನೋಡಿ ಹೇಳಬಲ್ಲರು. ನಾಲ್ಕು ಸೆಕೆಂಡು ದಾಟಿಯೂ ಗುರಿ ಕೂಡಲಿಲ್ಲವೆಂದರೆ ಹೆದೆ ಇಳಿಸಿ, ಉಸಿರು ತೆಗೆದುಕೊಂಡು ಮತ್ತೆ ಶುರು ಮಾಡಿ.

ತಟ್ಟನೆ ಬಿಡುವುದು

ಇದರಲ್ಲಿ ಗುರಿ ನೋಡುವ ಕೆಲಸ ಎಳೆಯುವ ಮೊದಲೇ ಮುಗಿದಿರಬೇಕು. ಗುರಿಯೊಳಗಿನ ಒಂದು ಚುಕ್ಕೆಯನ್ನು ಕಣ್ಣಿನಲ್ಲಿ ಹಿಡಿದುಕೊಳ್ಳಿ. ಬಿಲ್ಲಿನ ಕೈಯನ್ನು ಆ ಚುಕ್ಕೆಯ ನೇರಕ್ಕೆ ಎತ್ತಿಯೇ ಎಳೆಯಲು ಆರಂಭಿಸಿ. ಎಳೆಯುತ್ತ ಎತ್ತಿದರೆ, ಬಿಡುವ ಹೊತ್ತಿಗೂ ಕೈ ಚಲಿಸುತ್ತಲೇ ಇದ್ದು ಬಾಣ ಮೇಲೆ ಕೆಳಗೆ ಚದುರುತ್ತದೆ. ಒಂದು ಕೈ ತಳ್ಳುತ್ತ, ಇನ್ನೊಂದು ಎಳೆಯುತ್ತ, ಒಂದೇ ಓಟದಲ್ಲಿ ಆ್ಯಂಕರಿಗೆ ಬನ್ನಿ. ಬೆರಳು ಬಾಯಿಯ ಮೂಲೆ ಮುಟ್ಟಲಿ, ಗರಿ ಮೂಗು ಮುಟ್ಟಲಿ, ಎಳೆತ ನಿಲ್ಲುವ ಮೊದಲೇ ಬಾಣ ಹೋಗಲಿ. ಮುಟ್ಟುವುದು ಕಡ್ಡಾಯ, ನಿಲ್ಲುವುದು ಮಾತ್ರ ಇಲ್ಲ.

ಭಾರದ ಬಿಲ್ಲಿಗೆ ಇದೇ ಸಹಜ. 1545ರಲ್ಲಿ ಮುಳುಗಿದ ಇಂಗ್ಲಿಷ್ ಯುದ್ಧನೌಕೆ ಮೇರಿ ರೋಸ್‌ನಲ್ಲಿ ಸಿಕ್ಕ ಬಿಲ್ಲುಗಳ ತೂಕವನ್ನು ಸುಮಾರು 100ರಿಂದ 185 ಪೌಂಡ್ ಎಂದು ಅಂದಾಜಿಸುತ್ತಾರೆ. ಅಂಥದ್ದನ್ನು ಎಳೆದು ನಿಂತು ಗುರಿ ನೋಡುತ್ತ ಕೂರುವ ಮಾತಿಲ್ಲ. ಓಡುವ ಕುದುರೆಯ ಮೇಲಿನವರಿಗೂ ಅಷ್ಟೆ, ಅವಕಾಶ ಬರುವುದೇ ಕ್ಷಣಕಾಲ.

ಶೈಲಿಯೋ, ಕೈ ತಪ್ಪಿದ್ದೋ?

ಬೇಗ ಬಿಡುವವರಲ್ಲಿ ಅನೇಕರು ಬೇಗ ಬಿಡಬೇಕೆಂದು ಆರಿಸಿಕೊಂಡವರಲ್ಲ. ಬಾಣದ ಮೊನೆ ಗುರಿಯ ಮಧ್ಯಕ್ಕೆ ಬಂದೊಡನೆ ಬೆರಳು ತಾನೇ ಬಿಚ್ಚಿಕೊಳ್ಳುತ್ತದೆ. ಕೆಲವರಿಗೆ ಕೈ ಮುಖದವರೆಗೂ ಬಾರದು. ಇದಕ್ಕೆ ಟಾರ್ಗೆಟ್ ಪ್ಯಾನಿಕ್ ಎನ್ನುತ್ತಾರೆ. ಜಪಾನಿನ ಬಿಲ್ವಿದ್ಯೆಯಾದ ಕ್ಯೂಡೋದಲ್ಲಿ ಪೂರ್ತಿ ಎಳೆದು ನಿಲ್ಲುವ ಹಂತಕ್ಕೆ ಕಾಯ್ ಎಂದು ಹೆಸರು. ಆ ಹಂತ ಪಕ್ವವಾಗುವ ಮೊದಲೇ ಬಿಟ್ಟರೆ ಹಾಯಾಕೆ, ಹೊತ್ತು ಮೀರಿಯೂ ಬಿಡಲಾಗದಿದ್ದರೆ ಮೊತಾರೆ. ಅಲ್ಲಿ ಎರಡೂ ದೋಷಗಳೇ.

ನಿಮ್ಮದು ಯಾವುದೆಂದು ತಿಳಿಯಲು ಹತ್ತು ಬಾಣ ಸಾಕು. ಯಾವುದನ್ನು ಬಿಡಬೇಕು, ಯಾವುದನ್ನು ಇಳಿಸಬೇಕು ಎಂದು ಜೊತೆಗಾರರು ಹೇಳಲಿ, ಅದೂ ನಿಮ್ಮ ಕೈ ಆ್ಯಂಕರಿಗೆ ಬಂದ ಮೇಲೆ. ಹತ್ತರಲ್ಲಿ ಐದು ಸಲ “ಇಳಿಸಿ” ಎನ್ನಲಿ. ಒಂದೆರಡು ತಪ್ಪಿದರೆ ಅಭ್ಯಾಸದ ಕೊರತೆ. ಐದರಲ್ಲಿ ಮೂರು ನಾಲ್ಕು ಬಾಣ ಹೋಗಿಯೇ ಬಿಟ್ಟರೆ ನೀವು ಬಿಡುತ್ತಿಲ್ಲ, ಅದು ಹೋಗುತ್ತಿದೆ.

ಸರಿಪಡಿಸಲು ಗುರಿಯ ಕಾಗದ ತೆಗೆದುಹಾಕಿ. ಬರಿ ದಿಂಡನ್ನು ಭುಜದ ಎತ್ತರಕ್ಕೆ ಇಟ್ಟು, ಮೂರು ಮೀಟರ್ ದೂರದಲ್ಲಿ ನಿಂತು, ಬಾಣ ನೇರ ದಿಂಡಿಗೇ ಇದೆಯೆಂದು ನೋಡಿಕೊಂಡು ಕಣ್ಣು ಮುಚ್ಚಿ ಬಿಡಿ. ಸುತ್ತ, ಹಿಂದೆ ಯಾರೂ ಇರಬಾರದು. ಮೊದಲ ವಾರ ದಿನಕ್ಕೆ 30 ಬಾಣ, ಪ್ರತಿ ಬಾಣಕ್ಕೂ ಮೂರು ಎಣಿಕೆ. ಎರಡನೆಯ ವಾರ ಪ್ರತಿ ಮೂರನೆಯ ಬಾಣವನ್ನು ಬಿಡದೆ ಇಳಿಸಿ. ಮೂರನೆಯ ವಾರ ಗುರಿಯ ಕಾಗದ ಮರಳಲಿ, ದೂರ ಮಾತ್ರ ಐದು ಮೀಟರ್ ದಾಟದಿರಲಿ. ಹಳೆಯ ಚಾಳಿ ಮತ್ತೆ ಕಾಣಿಸಿದ ದಿನವೇ ಕಾಗದ ತೆಗೆಯಬೇಕು. “ಇನ್ನೊಂದು ನಾಲ್ಕು ಬಾಣ ನೋಡೋಣ” ಎಂದುಕೊಂಡವರು ಅದನ್ನೇ ಗಟ್ಟಿ ಮಾಡಿಕೊಂಡು ಮನೆಗೆ ಹೋಗುತ್ತಾರೆ.

ಬಿಲ್ಲಿಗೆ ಅಂಟಿಸಿ, ದಾರದಿಂದ ಹೆದೆಗೆ ಕಟ್ಟುವ ಪುಟ್ಟ ಕ್ಲಿಕ್ಕರ್ ಕೂಡ ಸಹಾಯಕ. ಪೂರ್ತಿ ಎಳೆತಕ್ಕೆ ಬಂದಾಗ ಟಕ್ ಎನ್ನುತ್ತದೆ. ಆದರೆ ಟಕ್ ಎಂದೊಡನೆ ಬೆಚ್ಚಿ ಬಿಡುವ ಹೊಸ ಚಟ ಹತ್ತಬಾರದು, ಸದ್ದು ಕೇಳಿದ ಮೇಲೂ ಆಗಾಗ ಹೆದೆ ಇಳಿಸುತ್ತಿರಿ.

ಮೂರು ಎಣಿಸಿ ನಿಲ್ಲಬಲ್ಲವರು ಅದನ್ನು ಎರಡಕ್ಕೆ, ಒಂದಕ್ಕೆ, ಬರಿ ಸ್ಪರ್ಶಕ್ಕೆ ಇಳಿಸುತ್ತ ತಟ್ಟನೆ ಬಿಡುವುದನ್ನು ಕಲಿಯಬಹುದು. ತಟ್ಟನೆ ಬಿಡುವುದರಿಂದ ತಡೆದು ಬಿಡುವುದಕ್ಕೆ ಬರುವುದು ತುಂಬ ಕಷ್ಟ. ಒಂದೇ ಮರದಲ್ಲಿ ಕೆತ್ತಿದ ಬಿಲ್ಲು ನಿಮ್ಮದಾಗಿದ್ದರೆ, ತಡೆದು ಬಿಡುವವರಾದರೂ ಎರಡು ಸೆಕೆಂಡಿನೊಳಗೆ ಮುಗಿಸಿ, ಹತ್ತು ಎಣಿಸುವ ಪರೀಕ್ಷೆಯನ್ನು ಫೈಬರ್‌ಗ್ಲಾಸಿನ ಬಿಲ್ಲಿನಲ್ಲಿ ಮಾಡಿ. ಪೂರ್ತಿ ಬಾಗಿಸಿ ಹಿಡಿದಷ್ಟು ಹೊತ್ತೂ ಮರ ಆ ಬಾಗನ್ನೇ ರೂಢಿಸಿಕೊಳ್ಳುತ್ತದೆ, ಬಾಣಕ್ಕೆ ಸಿಗುವ ವೇಗ ಕುಗ್ಗುತ್ತದೆ.