ಸಿಲಿಂಡರ್ ತಲೆಕೆಳಗೆ ಮಾಡಿದ ದಿನ

ಕಲಬುರಗಿಯಲ್ಲಿ ಎಸಿ, ಫ್ರಿಜ್ ರಿಪೇರಿ ಮಾಡಿಕೊಂಡು ಹದಿನೆಂಟು ವರ್ಷವಾಯಿತು. ಜನ "ಗ್ಯಾಸ್ ಹಾಕಿಸಬೇಕು" ಅಂತ ಫೋನ್ ಮಾಡುತ್ತಾರೆ, ನಾವೂ ಗ್ಯಾಸ್ ಅಂತಲೇ ಅನ್ನುತ್ತೇವೆ. ಆದರೆ ಸಿಲಿಂಡರ್ ಸ್ವಲ್ಪ ಅಲ್ಲಾಡಿಸಿ ನೋಡಿ, ಒಳಗೆ ಗುಳುಗುಳು ಅನ್ನುತ್ತದೆ. ಒತ್ತಡಕ್ಕೆ ದ್ರವವಾಗಿ ಕೂತಿರುವ ಗ್ಯಾಸ್ ಅದು. ಇದನ್ನು ಮರೆತೇ ನಾನು ಕೈ ಸುಟ್ಟುಕೊಂಡದ್ದು. ಸುಟ್ಟಿದ್ದು ತಂಪಿಗೆ.

ಆಗಿನ್ನೂ ಹೆಲ್ಪರ್. ಕೆಲಸ ಬೇಗ ಮುಗಿಯಲಿ ಅಂತ ಆರ್-22 ಅನ್ನುವ ಎಸಿ ಗ್ಯಾಸಿನ ಸಿಲಿಂಡರನ್ನು ತಲೆಕೆಳಗೆ ಹಿಡಿದಿದ್ದೆ. ನೆಟ್ಟಗೆ ನಿಲ್ಲಿಸಿದರೆ ಆವಿ ಬರುತ್ತದೆ, ತಲೆಕೆಳಗೆ ಮಾಡಿದರೆ ದ್ರವವೇ ಹೋಸ್‌ಗೆ ಇಳಿಯುತ್ತದೆ. ವಾಲ್ವ್ ಮುಚ್ಚಿದ ಮೇಲೆ ಹೋಸ್‌ನಲ್ಲಿ ಉಳಿದದ್ದನ್ನು ಮಷಿನ್ ಎಳೆದುಕೊಳ್ಳಲು ಒಂದೆರಡು ನಿಮಿಷ ಬಿಡಬೇಕಿತ್ತು. ನಾನು ತಕ್ಷಣ ಬಿಚ್ಚಿದೆ. ಬುಸ್ ಅಂತ ಎಡಗೈ ಬೆರಳ ಮೇಲೆ ಬಂತು. ಆರ್-22 ಹೊರಗೆ ಬಂದರೆ ಮೈನಸ್ 41 ಡಿಗ್ರಿಯಲ್ಲೇ ಕುದಿಯುತ್ತದೆ, ಕುದಿಯಲು ಬೇಕಾದ ಬಿಸಿಯನ್ನು ನಮ್ಮ ಚರ್ಮದಿಂದ ಎಳೆದುಕೊಳ್ಳುತ್ತದೆ. ಮೂರು ಬೆರಳ ತುದಿ ಮೇಣದ ಹಾಗೆ ಬೆಳ್ಳಗಾದವು. ನೋವೇ ಇಲ್ಲ. ಸುಮ್ನೆ ತಿಕ್ಕತೊಡಗಿದೆ.

"ಏ ತಿಕ್ಕಬ್ಯಾಡೋ, ಚರ್ಮ ಕಿತ್ತು ಬರ್ತದ!" ಅಂತ ಉಸ್ತಾದ್ ಓಡಿ ಬಂದರು. ಉಗುರುಬೆಚ್ಚಗಿನ ನೀರಿನಲ್ಲಿ ಕೈ ಇಡಿಸಿದರು. ಬಿಸಿ ನೀರು ಬೇಡ, ಮರಗಟ್ಟಿದ ಕೈಗೆ ಸುಡುವುದೂ ಗೊತ್ತಾಗುವುದಿಲ್ಲ. ನೋವು ಶುರುವಾದದ್ದು ಆಮೇಲೆ. ಬೊಬ್ಬೆ ಎದ್ದು, ಡಾಕ್ಟರ್ ಹತ್ತಿರ ಹೋಗಿ, ಎರಡು ವಾರ ಸ್ಪ್ಯಾನರ್ ಹಿಡಿಯಲಿಲ್ಲ. ಅದೇ ಕಣ್ಣಿಗೆ ಬಿದ್ದಿದ್ದರೆ? ಅವತ್ತಿನಿಂದ ಕನ್ನಡಕ, ಚರ್ಮದ ಗ್ಲೌಸ್ ಇಲ್ಲದೆ ಹೋಸ್ ಮುಟ್ಟುವುದಿಲ್ಲ. ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ನೀರು ಹಾಕುತ್ತಲೇ ಇರಬೇಕು, ನಂತರ ನೇರ ಆಸ್ಪತ್ರೆಗೆ.

ಎರಡನೇ ಪಾಠಕ್ಕೆ ಗಾಯ ಆಗಲಿಲ್ಲ, ಆದರೆ ಭಯ ಅದರದ್ದೇ ಜಾಸ್ತಿ. ಮೆಟ್ಟಿಲು ಹತ್ತಲು ಹಗುರ ಅಂತ ದೊಡ್ಡ ಸಿಲಿಂಡರ್‌ನಿಂದ ಚಿಕ್ಕದಕ್ಕೆ ತುಂಬಿಕೊಳ್ಳುತ್ತೇವೆ. ಚಿಕ್ಕದನ್ನು ಐಸ್ ನೀರಲ್ಲಿಟ್ಟರೆ ಸರಸರ ಇಳಿಯುತ್ತದೆ. ತೂಕ ಹಾಕದೆ, ಸದ್ದು ನಿಲ್ಲುವವರೆಗೂ ತುಂಬಿ, ವ್ಯಾನ್‌ನಲ್ಲಿ ಹಾಕಿಕೊಂಡು ಹೊರಟೆ. ಮೇ ತಿಂಗಳು. ಗಿರಾಕಿ ಮನೆ ಮುಂದೆ ಗಾಡಿ ನಿಲ್ಲಿಸುವಾಗ ನೆನಪಾಗಿ ಎದೆ ಧಸಕ್ ಅಂತು. ಶೇಕಡಾ 80ಕ್ಕಿಂತ ಜಾಸ್ತಿ ದ್ರವ ತುಂಬಬಾರದು, ಬಿಸಿಗೆ ದ್ರವ ಹಿಗ್ಗುತ್ತದೆ, ಮೇಲೆ ಖಾಲಿ ಜಾಗ ಬೇಕು. ಜಾಗ ಉಳಿದಿದ್ದರೆ ಒತ್ತಡ ಲೆಕ್ಕಕ್ಕೆ ಸಿಗುತ್ತದೆ, 40 ಡಿಗ್ರಿಗೆ ಆರ್-22 ಸುಮಾರು 210 ಪಿಎಸ್‌ಐ (ಒತ್ತಡದ ಅಳತೆ), ಈಗಿನ ಎಸಿಗಳ ಆರ್-32 ಗ್ಯಾಸ್ ಸುಮಾರು 345. ಜಾಗ ತುಂಬಿಹೋದ ಮೇಲೆ ಯಾವ ಚಾರ್ಟೂ ಕೆಲಸಕ್ಕೆ ಬರುವುದಿಲ್ಲ, ಸಿಲಿಂಡರ್ ತಡೆಯಬೇಕು ಇಲ್ಲ ಸಿಡಿಯಬೇಕು. ಸಿಲಿಂಡರ್ 52 ಡಿಗ್ರಿ ದಾಟಬಾರದು ಅನ್ನುತ್ತಾರೆ, ನಮ್ಮೂರ ಬಿಸಿಲಲ್ಲಿ ಮುಚ್ಚಿದ ಗಾಡಿಗೆ ಅದು ಯಾವ ಮಹಾ? ನೆರಳಿಗೆ ತಂದು, ಒದ್ದೆ ಚೀಲ ಹೊದಿಸಿ, ಖಾಲಿ ಸಿಲಿಂಡರ್ ತರಿಸಿ ಅರ್ಧ ಅದಕ್ಕೆ ಇಳಿಸುವವರೆಗೆ ಗಿರಾಕಿ ಕೊಟ್ಟ ಚಹಾ ತಣ್ಣಗಾಗಿತ್ತು. ಈಗ ತೂಕದ ಮಷಿನ್ ಇಲ್ಲದೆ ತುಂಬುವ ಮಾತೇ ಇಲ್ಲ.

ಬ್ರೇಜಿಂಗ್, ಅಂದರೆ ಟಾರ್ಚಿನ ಬೆಂಕಿಯಲ್ಲಿ ಪೈಪ್ ಬೆಸೆಯುವಾಗ ಬೇರೆ ಲೆಕ್ಕ. ಒಮ್ಮೆ ಪೈಪಲ್ಲಿ ಆರ್-22 ಉಳಿದಿತ್ತು, ನಾನು ಟಾರ್ಚ್ ಹಚ್ಚಿದೆ. ಜ್ವಾಲೆ ಹಸಿರಾಯಿತು, ಮೂಗು ಸೀಳುವ ಘಾಟು. ಬೆಂಕಿಗೆ ಆ ಗ್ಯಾಸ್ ಒಡೆದು ಆಮ್ಲದ ಹೊಗೆ ಆಗುತ್ತದೆ, ಫಾಸ್ಜೀನ್ ಎಂಬ ವಿಷವೂ ಸೇರಿರಬಹುದು. ರಾತ್ರಿವರೆಗೂ ಕೆಮ್ಮಿದೆ. ಹಸಿರು ಕಂಡರೆ ಟಾರ್ಚ್ ಆರಿಸಿ ಹೊರಗೆ ಬನ್ನಿ, ಆಮೇಲೆ ಉಳಿದ ಮಾತು. ಆರ್-32 ಆದರೆ ಬೆಂಕಿ ತಾಗಿದರೆ ತಾನೂ ಹೊತ್ತಿ ಉರಿಯುವ ಗ್ಯಾಸ್. ಅಡುಗೆ ಗ್ಯಾಸಿನಷ್ಟು ಸುಲಭಕ್ಕಲ್ಲ, ಗಾಳಿಯಲ್ಲಿ ಶೇಕಡಾ 14ರಷ್ಟು ಸೇರಬೇಕು. ಆದರೆ ಚಿಕ್ಕ ಕೋಣೆ, ಮುಚ್ಚಿದ ಕಿಟಕಿ ಇದ್ದರೆ ಲೆಕ್ಕ ಬೇಗ ಬದಲಾಗುತ್ತದೆ. ಇವೆಲ್ಲ ಗಾಳಿಗಿಂತ ಭಾರ, ಆರ್-22 ಮೂರು ಪಟ್ಟು. ಒಂದು ಕಿಲೋ ಸೋರಿದರೆ ಸುಮಾರು 280 ಲೀಟರ್ ಗ್ಯಾಸ್ ನೆಲಕ್ಕೆ ಇಳಿದು ಉಸಿರಿನ ಗಾಳಿಯನ್ನು ತಳ್ಳಿಬಿಡುತ್ತದೆ. ವಾಸನೆಯೂ ಹೆಚ್ಚಿಲ್ಲ. ಬೇಸ್‌ಮೆಂಟಿನಲ್ಲಿ ತಲೆ ಸುತ್ತಿದರೆ ಬಗ್ಗಿ ಕೂರಬೇಡಿ, ಮೇಲೆ ಹತ್ತಿ.

ಇನ್ನೊಂದು, ಲೀಕ್ ಟೆಸ್ಟಿಗೆ ಕೈಗೆ ಸಿಕ್ಕಿತು ಅಂತ ಬ್ರೇಜಿಂಗ್ ಸೆಟ್ಟಿನ ಆಕ್ಸಿಜನ್ ಬಿಡುವವರನ್ನು ಕಂಡಿದ್ದೇನೆ. ಕಂಪ್ರೆಸರ್ ಎಣ್ಣೆಗೆ ಒತ್ತಡದ ಆಕ್ಸಿಜನ್ ಸೇರಿದರೆ ಬಾಂಬೇ. ನೈಟ್ರೋಜನ್, ರೆಗ್ಯುಲೇಟರ್, ಸೋಪ್ ನೀರು, ಅಷ್ಟೇ.

ಒಂದೇ ಸಲ ಬಳಸುವ ಕ್ಯಾನ್‌ಗಳದ್ದು ಬೇರೆ ತಲೆನೋವು. ಮೊನ್ನೆ ಪಕ್ಕದ ಪಂಕ್ಚರ್ ಅಂಗಡಿ ಹುಡುಗ ಬಂದ. "ಅಣ್ಣಾ, ಖಾಲಿ ಕ್ಯಾನ್ ಇದ್ರ ಕೊಡ್ರಿ, ಗಾಳಿ ಟ್ಯಾಂಕ್ ಮಾಡ್ಕೋತೀನಿ." ಅದರ ತಗಡು ತೆಳ್ಳಗೆ, ಒಳಗೆ ತುಕ್ಕು ಹಿಡಿದರೆ ಹೊರಗಿಂದ ಗೊತ್ತೂ ಆಗುವುದಿಲ್ಲ. ಕೊಡಲಿಲ್ಲ. ಉಳಿದ ಗ್ಯಾಸ್ ಬೇರೆ ಸಿಲಿಂಡರಿಗೆ ಎಳೆದು, ಗೇಜ್ ಸೊನ್ನೆಗೆ ಬಂದಿದೆ ಅಂತ ನೋಡಿ, ಅವನ ಕಣ್ಣೆದುರೇ ತೂತು ಹೊಡೆದು ಗುಜರಿಗೆ ಹಾಕಿದೆ. ಅವನಿಗೆ ಇವತ್ತಿಗೂ ಸಿಟ್ಟು.