ರೈಲು ಡಿಕ್ಕಿ ಪ್ರಾಜೆಕ್ಟ್ ಮಾಡ್ತೀರಾ? ಸಾಫ್ಟ್‌ವೇರ್ ತೆರೆಯುವ ಮುಂಚೆ ಒಂದು ಪೈಪ್ ಜಜ್ಜಿ ನೋಡಿ

ಪ್ರಾಜೆಕ್ಟ್ ಸೀಸನ್ ಬಂತೆಂದರೆ ಹುಬ್ಬಳ್ಳಿಯ ನಮ್ಮ ಎಸ್‌ಒಎಂ (ವಸ್ತುಗಳ ಗಟ್ಟಿತನ ಪರೀಕ್ಷಿಸುವ) ಲ್ಯಾಬಿಗೆ ಫೈನಲ್ ಇಯರ್ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಹಿಡಿದು ಬರುತ್ತಾರೆ. "ಸರ್, ಟ್ರೇನ್ ಕ್ರ್ಯಾಶ್ ಅನಾಲಿಸಿಸ್ ಮಾಡಿದ್ದೀವಿ." ತೆರೆಯ ಮೇಲೆ ಬೋಗಿಯ ಮೂತಿ ಚಂದ ನಜ್ಜುಗುಜ್ಜಾಗಿರುತ್ತದೆ, ಕೆಂಪು ಹಳದಿ ಬಣ್ಣ ಬೇರೆ. ಈ ಕೆಂಪು ಇರುವಲ್ಲಿ ಎಷ್ಟು ಬಲ ಬಿತ್ತು, ಆ ಬಲ ಹಿಂದಿನ ಬೋಗಿಗೆ ಎಷ್ಟು ಹೋಯಿತು ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರಿಗೆ ನಾನು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಯಾವ ಡಿಕ್ಕಿ ಅಂತ ಗಟ್ಟಿ ಮಾಡಿಕೊಳ್ಳಿ. ಸುಮ್ನೆ "ರೈಲು ಡಿಕ್ಕಿ" ಅಂದರೆ ಏನೂ ಹೇಳಿದಂತಾಗುವುದಿಲ್ಲ. ಯುರೋಪಿನ ಇಎನ್ 15227 ಮಾನದಂಡದಲ್ಲಿ ಇದನ್ನು ಬಿಡಿಸಿ ಇಟ್ಟಿದ್ದಾರೆ: ಒಂದೇ ಥರದ ಎರಡು ರೈಲು ಗಂಟೆಗೆ 36 ಕಿ.ಮೀ.ನಲ್ಲಿ ಗುದ್ದುವುದು, 80 ಟನ್ನಿನ ವ್ಯಾಗನ್‌ಗೆ ಅದೇ ವೇಗದಲ್ಲಿ ಗುದ್ದುವುದು, ಲೆವೆಲ್ ಕ್ರಾಸಿಂಗಿನಲ್ಲಿ 15 ಟನ್ನಿನ ಲಾರಿಗೆ ಗುದ್ದುವುದು, ಹೀಗೆ. ನಮ್ಮ ಕಡೆಯದ್ದೇ ಬೇಕು ಅಂದರೆ ನಿಂತ ಗೂಡ್ಸ್ ಗಾಡಿಗೆ ಹಿಂದಿನಿಂದ ಗುದ್ದುವುದನ್ನು ತಗೊಳ್ಳಿ. 2012ರ ಮೇ 22ರಂದು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟಿದ್ದ ಹಂಪಿ ಎಕ್ಸ್‌ಪ್ರೆಸ್ ಪೆನುಕೊಂಡದಲ್ಲಿ ಗುದ್ದಿದ್ದು ನಿಂತಿದ್ದ ಗೂಡ್ಸ್‌ಗೇ. 2023ರ ಜೂನ್ 2ರಂದು ಒಡಿಶಾದ ಬಹನಗಾ ಬಜಾರಿನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್ ಲೈನಿಗೆ ನುಗ್ಗಿ ಗುದ್ದಿದ್ದೂ ಗೂಡ್ಸ್‌ಗೇ.

ಇನ್ನು ಪೆನ್ನು ಪೇಪರ್ ತೆಗೆಯಿರಿ. 40 ಟನ್ನಿನ ಒಂದು ಬೋಗಿ 36 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 10 ಮೀಟರ್, ಗೋಡೆಗೆ ಗುದ್ದಿತು ಅಂದುಕೊಳ್ಳಿ. ಅದರ ಚಲನ ಶಕ್ತಿ 2 ಮೆಗಾಜೂಲ್. ಮೂತಿ ಒಂದು ಮೀಟರ್ ಕುಸಿಯುವಷ್ಟರಲ್ಲಿ ಬೋಗಿ ನಿಲ್ಲಬೇಕಾದರೆ ಸರಾಸರಿ ಬಲ 2,000 ಕಿಲೋನ್ಯೂಟನ್, ಸುಮಾರು 200 ಟನ್. ಒಳಗಿನವರಿಗೆ 5 ಜಿ, ಅಂದರೆ ಗುರುತ್ವ ವೇಗೋತ್ಕರ್ಷದ ಐದು ಪಟ್ಟು, ಹೊಡೆತ. ಇಎನ್ 15227 ಕೂಡ ಆ 36 ಕಿ.ಮೀ. ಡಿಕ್ಕಿಗಳಲ್ಲಿ ಸರಾಸರಿ 5 ಜಿ ದಾಟಬಾರದು ಅನ್ನುತ್ತದೆ. ಮೂತಿ ಬರೀ 10 ಸೆಂ.ಮೀ. ಕುಸಿದರೆ? 50 ಜಿ. ಗಟ್ಟಿಯಾಗಿ ಕಟ್ಟಿದಷ್ಟೂ ಒಳ್ಳೆಯದು ಅನ್ನುವ ಮಾತು ಇಲ್ಲೇ ಬಿದ್ದುಹೋಯಿತು ಅಲ್ವಾ?

ಗೋಡೆಗೆ ಗುದ್ದುವುದೂ ನಿಂತ ರೈಲಿಗೆ ಗುದ್ದುವುದೂ ಒಂದೇ ಅಲ್ಲ. ಎರಡೂ ಒಂದೇ ತೂಕದವಾದರೆ ಅರ್ಧ ಶಕ್ತಿ ಎರಡನ್ನೂ ಒಟ್ಟಿಗೆ ಮುಂದೆ ತಳ್ಳುವುದಕ್ಕೆ ಹೋಗುತ್ತದೆ. ಮಿಕ್ಕ ಅರ್ಧ ಮಾತ್ರ ಲೋಹ ಮಡಚುತ್ತದೆ. ವೈವಾದಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ.

ವೇಗ ಏರಿಸಿಯೂ ಒಮ್ಮೆ ಲೆಕ್ಕ ಹಾಕಿ. ಬಹನಗಾದಲ್ಲಿ ವೇಗ 128 ಕಿ.ಮೀ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು 36 ಕಿ.ಮೀ.ಯ ಹನ್ನೆರಡೂವರೆ ಪಟ್ಟು. ಅದೇ 200 ಟನ್ ಬಲದಲ್ಲಿ ನಿಲ್ಲಿಸಬೇಕಾದರೆ ಹನ್ನೆರಡು ಮೀಟರಿಗೂ ಜಾಸ್ತಿ ಕುಸಿಯಬೇಕು, ಅಂದರೆ ಅರ್ಧ ಬೋಗಿ. ಆ ವೇಗದಲ್ಲಿ ಜನರನ್ನು ಕಾಯಬೇಕಾದದ್ದು ಸಿಗ್ನಲ್, ಸಿಗ್ನಲ್ಲಿಗೂ ಹಳಿ ಬದಲಿಸುವ ಪಾಯಿಂಟಿಗೂ ತಾಳೆ ಇಡುವ ಇಂಟರ್‌ಲಾಕಿಂಗ್, ತಾನೇ ಬ್ರೇಕ್ ಹಾಕುವ ಕವಚ್ ವ್ಯವಸ್ಥೆ. ಬೋಗಿಯ ಮೂತಿ ಕಾಯುವುದು ಅದಕ್ಕಿಂತ ಕೆಳಗಿನ ವೇಗದಲ್ಲಿ. ಈ ಮಿತಿಯನ್ನು ರಿಪೋರ್ಟಿನ ಮೊದಲ ಪುಟದಲ್ಲೇ ಬರೆದುಬಿಡಿ.

ಪೈಪ್ ಕೆಲಸ

ಹಾರ್ಡ್‌ವೇರ್ ಅಂಗಡಿಯಲ್ಲಿ 50 ಮಿ.ಮೀ. ಹೊರವ್ಯಾಸ, 1.6 ಮಿ.ಮೀ. ದಪ್ಪದ ಎಂಎಸ್ ಇಆರ್‌ಡಬ್ಲ್ಯೂ ಪೈಪ್ (ಉದ್ದಕ್ಕೆ ವೆಲ್ಡ್ ಮಾಡಿದ ಮೈಲ್ಡ್ ಸ್ಟೀಲ್ ಪೈಪ್) ಕೇಳಿ. 15 ಸೆಂ.ಮೀ. ತುಂಡುಗಳಾಗಿ ಕತ್ತರಿಸಿ. ಅದಕ್ಕಿಂತ ಉದ್ದ ಬೇಡ. ವ್ಯಾಸದ ಮೂರು ಪಟ್ಟು ದಾಟುತ್ತಾ ಹೋದರೆ ಪೈಪ್ ಮಡಚಿಕೊಳ್ಳುವ ಬದಲು ಸೊಂಟ ಮುರಿದುಕೊಂಡು ವಾಲುತ್ತದೆ. ಎರಡೂ ತುದಿಯನ್ನು ಲೇಥಿನಲ್ಲಿ ಫೇಸಿಂಗ್ ಮಾಡಿಸಿ ಸಮತಟ್ಟು ಮಾಡಲೇಬೇಕು. ಹ್ಯಾಕ್ಸಾದಲ್ಲಿ ಕೊಯ್ದು ಹಾಗೇ ಇಟ್ಟರೆ ಒಂದು ಬದಿ ಮೊದಲು ತಾಗಿ ಗ್ರಾಫ್ ಕೆಡುತ್ತದೆ. ಅದೇ ಪೈಪಿನಿಂದ ಒಂದು ಪಟ್ಟಿ ತೆಗೆದು ಟೆನ್ಶನ್ ಟೆಸ್ಟ್ (ಎಳೆದು ನೋಡುವ ಪರೀಕ್ಷೆ) ಮಾಡಿ ಈಲ್ಡ್ ಬಲ, ಅಂದರೆ ಲೋಹ ಶಾಶ್ವತವಾಗಿ ಬಾಗಲು ಶುರುವಾಗುವ ಒತ್ತಡ, ಗೊತ್ತು ಮಾಡಿಕೊಳ್ಳಿ. ಪುಸ್ತಕದ ಅಂಕಿ ನಂಬಬೇಡಿ, ಅಂಗಡಿಯ ಪೈಪಿಗೆ ಪುಸ್ತಕ ಗೊತ್ತಿಲ್ಲ.

ಯುಟಿಎಂನಲ್ಲಿ (ವಸ್ತುವನ್ನು ಎಳೆದು, ಒತ್ತಿ ಬಲ ಅಳೆಯುವ ಯಂತ್ರ) ಪೈಪನ್ನು ನೆಟ್ಟಗೆ ನಿಲ್ಲಿಸಿ, ಗಾಗಲ್ಸ್ ಹಾಕಿ, ನಿಧಾನಕ್ಕೆ ಒತ್ತಿ. ಮೊದಲು ಮುಳ್ಳು ಸರಸರ ಏರುತ್ತದೆ, ಪೈಪಿನಲ್ಲಿ ಏನೂ ಕಾಣುವುದಿಲ್ಲ. ಆಮೇಲೆ ಒಂದು ತುದಿಯ ಹತ್ತಿರ ಸಣ್ಣಗೆ ಹೊಟ್ಟೆ ಬರುತ್ತದೆ. ಅದು ಬಂದ ಕ್ಷಣವೇ ಮುಳ್ಳು ಧೊಪ್ಪನೆ ಇಳಿಯುತ್ತದೆ. ಆ ಮಡಿಕೆ ಪೂರ್ತಿ ಮುಚ್ಚಿಕೊಳ್ಳುವಾಗ ಮತ್ತೆ ಏರಿಕೆ, ಪಕ್ಕದಲ್ಲಿ ಇನ್ನೊಂದು ಹೊಟ್ಟೆ, ಮತ್ತೆ ಇಳಿತ. ಕೊನೆಗೆ ಪೈಪ್ ಹಾರ್ಮೋನಿಯಂ ತಿದಿಯಂತೆ ಆಗಿರುತ್ತದೆ. ಕೆಲವು ಮಡಿಕೆ ಉಂಗುರದಂತೆ, ಕೆಲವು ಮೂಲೆಮೂಲೆಯಾಗಿ. ವೆಲ್ಡ್ ಗೆರೆ ಬಿರಿದಿದೆಯೇ ಅಂತ ಮರೆಯದೆ ನೋಡಿ.

ಇದರ ಸರಾಸರಿ ಬಲಕ್ಕೆ 1960ರಲ್ಲಿ ಅಲೆಕ್ಸಾಂಡರ್ ಕೊಟ್ಟ ಸರಳ ಸೂತ್ರ ಇದೆ: ಹೆಚ್ಚುಕಡಿಮೆ 6 × ಈಲ್ಡ್ ಬಲ × ದಪ್ಪ × (ವ್ಯಾಸ × ದಪ್ಪ) ಇದರ ವರ್ಗಮೂಲ. ಈಲ್ಡ್ 250 ಎಂಪಿಎ ಹಿಡಿದರೆ ನಮ್ಮ ಪೈಪಿಗೆ 21 ಕಿಲೋನ್ಯೂಟನ್ ಚಿಲ್ಲರೆ. ಪೈಪ್ 10 ಸೆಂ.ಮೀ. ಕುಸಿದರೆ ಸುಮಾರು 2 ಕಿಲೋಜೂಲ್ ನುಂಗುತ್ತದೆ. ಆ 2 ಮೆಗಾಜೂಲ್ ಬೋಗಿಗೆ ಇಂಥ ಪೈಪ್ ಹತ್ತಿರ ಹತ್ತಿರ ಸಾವಿರ ಬೇಕು! ಯುಟಿಎಂ ನಿಧಾನಕ್ಕೆ ಒತ್ತುತ್ತದೆ, ನಿಜವಾದ ಡಿಕ್ಕಿ ಸರ್ರನೆ ಆಗುತ್ತದೆ, ಮೈಲ್ಡ್ ಸ್ಟೀಲ್ ವೇಗದ ಹೊಡೆತಕ್ಕೆ ಇನ್ನಷ್ಟು ಗಡುಸಾಗುತ್ತದೆ ಎಂಬುದೂ ನೆನಪಿರಲಿ.

ನನಗೆ ಎಲ್ಲಕ್ಕಿಂತ ಇಷ್ಟದ ಪ್ರಯೋಗ ಇದರ ಮುಂದಿನದು. ಎರಡು ಪೈಪನ್ನು ಒಂದರ ಮೇಲೊಂದು ನಿಲ್ಲಿಸಿ, ನಡುವೆ ಒಂದು ದಪ್ಪ ಪ್ಲೇಟ್ ಇಡಿ. ಪ್ಲೇಟಿಗೆ ಎರಡೂ ಕಡೆ ಪೈಪಿನೊಳಗೆ ಕೂರುವ ಗುಬುಟು ಇರಲಿ, ಇಲ್ಲದಿದ್ದರೆ ಜಾರುತ್ತದೆ. ಈಗ ಒತ್ತಿ. ಸಾಮಾನ್ಯವಾಗಿ ಒಂದು ಪೈಪ್ ಮಾತ್ರ ಮಡಚಿಕೊಳ್ಳುತ್ತಾ ಹೋಗುತ್ತದೆ, ಇನ್ನೊಂದು ಹೊಸದರ ಹಾಗೇ ನಿಂತಿರುತ್ತದೆ. ಯಾಕೆ? ಮೊದಲ ಏಟಿನ ಬಲವೇ ಎಲ್ಲಕ್ಕಿಂತ ಜಾಸ್ತಿ. ಒಂದು ಪೈಪ್ ಅದನ್ನು ದಾಟಿತೆಂದರೆ ಆಮೇಲಿನ ಬಲ ಕಡಿಮೆ. ಇನ್ನೊಂದನ್ನು ಅಲ್ಲಾಡಿಸಲು ಅಷ್ಟು ಸಾಲುವುದಿಲ್ಲ. ಈಗ ಎರಡೂ ಹೊಸ ಪೈಪಿನ ಮೇಲ್ತುದಿಯಲ್ಲಿ ಲೇಥಿನಿಂದ ತೆಳುವಾಗಿ ಸುತ್ತಲೂ ಒಂದು ಗ್ರೂವ್ ಹೊಡೆಸಿ ಮತ್ತೆ ಒತ್ತಿ. ಮೊದಲ ಶಿಖರ ತಗ್ಗುತ್ತದೆ, ಕುಸಿತವನ್ನು ಎರಡೂ ಹಂಚಿಕೊಳ್ಳಲು ಶುರುಮಾಡುತ್ತವೆ.

ಪ್ಯುಬ್ಲೋದಲ್ಲಿ ಇದನ್ನೇ ದೊಡ್ಡದಾಗಿ ಮಾಡಿದರು

ಅಮೆರಿಕದ ಕೊಲೊರಾಡೊ ರಾಜ್ಯದ ಪ್ಯುಬ್ಲೋದಲ್ಲಿ ರೈಲು ಪರೀಕ್ಷೆಯ ದೊಡ್ಡ ಮೈದಾನವಿದೆ. ಅಲ್ಲಿನ ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್, ವೋಲ್ಪಿ ಸೆಂಟರಿನ ಎಂಜಿನಿಯರುಗಳ ಜೊತೆ ಸೇರಿ, 1999ರಿಂದ ನಿಜವಾದ ಬೋಗಿಗಳನ್ನೇ ಗುದ್ದಿಸಿ ನೋಡಿತು. ಮೊದಲು ಒಂದೇ ಬೋಗಿ ಗೋಡೆಗೆ, ಆಮೇಲೆ ಜೋಡಿಸಿದ ಎರಡು ಬೋಗಿ, ಆಮೇಲೆ ಪೂರ್ತಿ ರೈಲು. 2002ರ ಜನವರಿಯಲ್ಲಿ ಮಾಮೂಲಿ ಬೋಗಿಗಳ ರೈಲನ್ನು ಗಂಟೆಗೆ 30 ಮೈಲಿ ವೇಗದಲ್ಲಿ, ಮುಂದೆ ಎಂಜಿನ್ ಇದ್ದ ನಿಂತ ರೈಲಿಗೆ ಗುದ್ದಿಸಿದರು. ಮುಂದಿನ ಬೋಗಿ ಎಂಜಿನ್ನಿನ ಮೇಲೆ ಹತ್ತಿತು. ಜನ ಕೂರುವ ಜಾಗವೇ 20 ಅಡಿಗೂ ಜಾಸ್ತಿ ಪುಡಿಯಾಯಿತು. ಹಿಂದಿನ ಬೋಗಿಗಳು ಹೆಚ್ಚುಕಡಿಮೆ ಕುಸಿಯಲೇ ಇಲ್ಲ. ನಮ್ಮ ಗ್ರೂವ್ ಇಲ್ಲದ ಪೈಪ್ ಜೋಡಿಯ ಕಥೆಯೇ ಇದು.

2006ರ ಮಾರ್ಚಿನಲ್ಲಿ, ಸುಮಾರು ಅದೇ ವೇಗದಲ್ಲಿ, ಬೇರೆ ಮೂತಿಯ ರೈಲು. ಗುದ್ದಿದಾಗ ಬೋಗಿ ಜೋಡಿಸುವ ಕಪ್ಲರ್ ಹಿಂದಕ್ಕೆ ಸರಿಯುತ್ತದೆ, ಲೆಕ್ಕ ಹಾಕಿಟ್ಟ ಬೋಲ್ಟುಗಳು ಮುರಿಯುತ್ತವೆ, ಹತ್ತದಂತೆ ತಡೆಯುವ ಆಂಟಿ ಕ್ಲೈಂಬರ್ ಎದುರಿನ ಎಂಜಿನ್ನಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಶಕ್ತಿ ನುಂಗುವ ಡಬ್ಬಿಗಳು ಮಡಚುತ್ತವೆ. ಕುಸಿತ ಒಂದು ಬೋಗಿಯ ಮೇಲೇ ಬೀಳದೆ ಹಿಂದಿನ ಬೋಗಿಗಳ ತುದಿಗಳಿಗೂ ಹಂಚಿಹೋಯಿತು. ಹತ್ತುವುದು ನಡೆಯಲಿಲ್ಲ, ಪ್ರಯಾಣಿಕರ ಜಾಗ ಪೂರ್ತಿ ಉಳಿಯಿತು. ರಿಪೋರ್ಟಿನಲ್ಲಿ ನಿಮ್ಮ ಎರಡು ಗ್ರಾಫುಗಳ ಪಕ್ಕದಲ್ಲಿ ಈ ಎರಡು ಪರೀಕ್ಷೆಗಳನ್ನು ಇಡಿ. ಗೈಡ್ ಎದುರು ಮುಕ್ಕಾಲು ಮಾತು ಅವೇ ಆಡುತ್ತವೆ.

ಹತ್ತುವುದನ್ನು ತಡೆಯುವುದು ನಮ್ಮಲ್ಲಿ ಹೇಗೆ ಅಂತ ನೋಡಲು ಸ್ಟೇಷನ್ನಿಗೆ ಹೋಗಿ. 1,507 ಮೀಟರಿನ ಪ್ಲಾಟ್‌ಫಾರ್ಮ್ ನಮ್ಮೂರಲ್ಲೇ ಇದೆ, ನಡೆಯೋದಕ್ಕೆ ಚಪ್ಪಲಿ ಗಟ್ಟಿ ಇದ್ದರೆ ಸಾಕು. ಎರಡು ಬೋಗಿಗಳ ನಡುವೆ ಬದಿಯಲ್ಲಿ ದುಂಡನೆಯ ಎರಡು ಬಫರ್, ಮಧ್ಯೆ ಸ್ಕ್ರೂ ಕಪ್ಲಿಂಗ್ ಕಂಡರೆ ಅದು ಹಳೆಯ ಐಸಿಎಫ್ ಮಾದರಿ ಬೋಗಿಗಳ ಜೋಡಣೆ. ಬಫರ್ ಇಲ್ಲದೆ ಮಧ್ಯೆ ಒಂದೇ ದಪ್ಪ ಕಪ್ಲರ್ ಕೈ ಹಿಡಿದಿದ್ದರೆ ಸಿಬಿಸಿ (ಸೆಂಟರ್ ಬಫರ್ ಕಪ್ಲರ್). ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿಗಳಲ್ಲಿ ಇರುವುದು ಇದು. ಈ ಬಿಗಿ ಕಪ್ಲರ್ ಮೇಲೆ ಕೆಳಗೆ ಜಾರಲು ಬಿಡುವುದಿಲ್ಲ, ಹಾಗಾಗಿ ಒಂದರ ಮೇಲೊಂದು ಏರುವ ಸಾಧ್ಯತೆ ಕಡಿಮೆ. ಪ್ಲಾಟ್‌ಫಾರ್ಮ್ ಮೇಲಿಂದಲೇ ನೋಡಿ, ಕೆಳಗೆ ಇಳಿಯಬೇಡಿ.

ಒಳಗಿನ ಜನರ ಲೆಕ್ಕವನ್ನು ಬಿಡಬೇಡಿ. ಬೋಗಿ 5 ಜಿಯಲ್ಲಿ ನಿಧಾನವಾಗುವಾಗ ಕೂತವರು ಹಳೆಯ ವೇಗದಲ್ಲೇ ಮುಂದೆ ಹೋಗುತ್ತಾರೆ. ಎದುರಿನ ಸೀಟು ಮುಕ್ಕಾಲು ಮೀಟರ್ ದೂರದಲ್ಲಿದ್ದರೆ ಅದಕ್ಕೆ ಬಡಿಯುವ ವೇಗ ಗಂಟೆಗೆ 31 ಕಿ.ಮೀ. 2002ರಲ್ಲಿ ಕ್ಯಾಲಿಫೋರ್ನಿಯಾದ ಪ್ಲಸೆಂಶಿಯಾದಲ್ಲಿ ಆದ ಡಿಕ್ಕಿಯಲ್ಲಿ ಸೀಟಿನ ಮುಂದಿನ ಟೇಬಲ್ಲುಗಳೇ ಹೊಟ್ಟೆಗೆ ಹೊಡೆದವು. ಆಮೇಲೆ ಟೇಬಲ್ ವಿನ್ಯಾಸದ ಮೇಲೇ ಪ್ರತ್ಯೇಕ ಸಂಶೋಧನೆ ನಡೆಯಿತು. ಪ್ಯುಬ್ಲೋದ ಪರೀಕ್ಷೆಗಳಲ್ಲಿ ಜನರ ಬದಲು ಇಟ್ಟ ಡಮ್ಮಿ ಬೊಂಬೆಗಳು ಕೂತಿದ್ದವು, ನಮ್ಮ ಸ್ಲೀಪರಿನಲ್ಲಿ ಜನ ಮಲಗಿರುತ್ತಾರೆ. ಒಳಗಿನ ಬರ್ತ್‌ಗಳಲ್ಲಿ ರೈಲಿಗೆ ಅಡ್ಡಲಾಗಿ, ಸೈಡ್ ಬರ್ತ್‌ಗಳಲ್ಲಿ ರೈಲಿನ ಉದ್ದಕ್ಕೆ. ಈ ಎರಡು ಥರದ ಹೊಡೆತ ಹೋಲಿಸುವುದೇ ಒಂದು ಪೂರ್ತಿ ಪ್ರಾಜೆಕ್ಟ್ ಆಗುತ್ತದೆ. ಯಾರಾದರೂ ತಗೊಳ್ಳಿ.

ಇಷ್ಟಾದ ಮೇಲೆ ಸಾಫ್ಟ್‌ವೇರ್. ಬೋಗಿ ಬೇಡ, ಮೊದಲು ನಿಮ್ಮ ಪೈಪನ್ನೇ ಮಾಡೆಲ್ ಮಾಡಿ. ಒಂದೊಂದು ಮಡಿಕೆಗೆ ಸುಮಾರು 17 ಮಿ.ಮೀ. ಪೈಪ್ ಬೇಕಾಗುತ್ತದೆ, ಆದ್ದರಿಂದ ಮೆಶ್ (ಸಾಫ್ಟ್‌ವೇರ್ ಪೈಪನ್ನು ಒಡೆದು ಲೆಕ್ಕ ಹಾಕುವ ಸಣ್ಣ ಚೌಕಗಳು) 2 ಮಿ.ಮೀ. ಹತ್ತಿರ ಇರಲಿ. 10 ಮಿ.ಮೀ. ಇಟ್ಟರೆ ಮಡಿಕೆಗೆ ಜಾಗವೇ ಇರುವುದಿಲ್ಲ, ಪೈಪ್ ಸುಳ್ಳು ಸುಳ್ಳೇ ಗಟ್ಟಿಯಾಗಿ ಕಾಣುತ್ತದೆ. ಯುಟಿಎಂ ಗ್ರಾಫ್, ಸಾಫ್ಟ್‌ವೇರ್ ಗ್ರಾಫ್ ಎರಡನ್ನೂ ಒಂದೇ ಹಾಳೆಯಲ್ಲಿ ಎಳೆಯಿರಿ. ಮೊದಲ ಶಿಖರ ಮತ್ತು ಸರಾಸರಿ ಬಲ ಎರಡೂ ಹೊಂದಿದ ಮೇಲೆ ಬೋಗಿಯ ಫೈಲ್ ತೆರೆಯಿರಿ.